ಕೂಮ್‌ಗೆ ಮಾರಬಾರದ ಕಾರು

ಮೊರಾವಾ ನದಿಯ ದಂಡೆಯ ನಮ್ಮ ಊರಿನಲ್ಲಿ ಭಾನುವಾರ ಬೆಳಿಗ್ಗೆ ಜನ ಸೇರುವುದು ಎರಡೇ ಕಡೆ. ಹೆಂಗಸರು ಚರ್ಚಿನಲ್ಲಿ, ಗಂಡಸರು ಹಳೇ ಕಾರಿನ ಸಂತೆಯಲ್ಲಿ. ಅಲ್ಲಿ ಪಾಪ ಕಡಿಮೆ ಮಾಡಿಕೊಳ್ಳುತ್ತಾರೆ, ಇಲ್ಲಿ ಕಿಲೋಮೀಟರ್ ಕಡಿಮೆ ಮಾಡಿಕೊಳ್ಳುತ್ತಾರೆ. ಸಂತೆಗೆ ಬಂದ ಯಾವ ಕಾರಿನ ಮೀಟರೂ ಎರಡು ಲಕ್ಷ ದಾಟಿರುವುದಿಲ್ಲ. ಎಲ್ಲವೂ ಜರ್ಮನಿಯಿಂದ ಬಂದವು, ಎಲ್ಲಕ್ಕೂ ಮೊದಲ ಒಡತಿ ಒಬ್ಬ ನಿವೃತ್ತ ಟೀಚರಮ್ಮ, ಆಕೆ ಕಾರನ್ನು ಗ್ಯಾರೇಜಿನಿಂದ ಹೊರಗೆ ತೆಗೆಯುತ್ತಿದ್ದದ್ದು ವಾರಕ್ಕೊಮ್ಮೆ ಬ್ರೆಡ್ಡು ತರಲು. ಈ ಲೆಕ್ಕದಲ್ಲಿ ಜರ್ಮನಿಯಲ್ಲಿ ಒಬ್ಬೊಬ್ಬ ಹುಡುಗನಿಗೆ ಇಬ್ಬಿಬ್ಬರು ಟೀಚರು ಇದ್ದಿರಬೇಕು.

ಮಿಲಿಸಾವ್‌ನ ಬೂದು ಬಣ್ಣದ ಪಸಾಟ್ ಕಾರಿಗೂ ಅಂಥ ಒಬ್ಬ ಟೀಚರಮ್ಮ ಇದ್ದಳು. ಹನ್ನೊಂದು ವರ್ಷದಿಂದ ಅವನು ಆಕೆಯನ್ನು ಹೊಗಳುತ್ತಲೇ ಬಂದಿದ್ದ. ಹೆಂಡತಿ ಯಾಗೋದಾಳನ್ನು ಅಷ್ಟು ಹೊಗಳಿದ್ದರೆ ಸಂಸಾರ ಇನ್ನೂ ಸುಖವಾಗಿರುತ್ತಿತ್ತು. ಆ ಭಾನುವಾರ ಮಾತ್ರ ಪಸಾಟ್‌ನ ಗಾಜಿನ ಮೇಲೆ ‘ಮಾರಾಟಕ್ಕಿದೆ’ ಎಂದೂ ಓಡಿದ ಕಿಲೋಮೀಟರ್ ಎಷ್ಟೆಂದೂ ಬರೆದ ಚೀಟಿ ಅಂಟಿಸಿ, ಸಂತೆಯ ಅಂಚಿನ ಕಾಫಿ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನ ಜತೆ ಟ್ಯಾಕ್ಸಿಯ ಝಿವಾದಿನ್, ಮಾಂಸದಂಗಡಿಯ ತಿಹೋಮಿರ್.

“ನನಗೆ ಇನ್ಮೇಲೆ ಎತ್ತರದ ಕಾರು ಬೇಕಪ್ಪ,” ಎಂದ ಮಿಲಿಸಾವ್. “ಹತ್ತಿ ಕೂತ್ರೆ ಮುಂದಿರೋರೆಲ್ಲರ ನೆತ್ತಿ ಕಾಣಬೇಕು.”

“ನಿನ್ನ ಕುಳ್ಳ ಕಾಲಿಗೆ ಹತ್ತೋಕೆ ಏಣಿ ಬೇಕಾಗುತ್ತೆ,” ಎಂದ ಝಿವಾದಿನ್. “ಏಣಿ ಕಟ್ಟೋಕೆ ಮೇಲೆ ಕ್ಯಾರಿಯರ್ ಬೇಕಾಗುತ್ತೆ. ಅದನ್ನ ಹತ್ತಿ ಬಿಚ್ಚೋಕೆ ಇನ್ನೊಂದು ಏಣಿ.”

“ನೀನು ಯಾವುದು ತಗೋತೀಯ? ನಿನ್ನ ಮರ್ಸಿಡಿಸ್‌ಗೂ ವಯಸ್ಸಾಯ್ತಲ್ಲ.”

“ನಾನು ಕರೆಂಟಿನ ಕಾರು ತಗೋತೀನಿ. ಸದ್ದೇ ಇರಲ್ಲವಂತೆ. ಗಿರಾಕಿ ಮಾತಾಡೋದು ಕೇಳುತ್ತೆ.”

“ಈಗ ಕೇಳಲ್ವಾ?”

“ಈಗ ನಾನು ಮಾತಾಡ್ತೀನಿ.”

ತಿಹೋಮಿರ್ ನೂರಿಪ್ಪತ್ತು ಕಿಲೋ ತೂಗುವ ಮನುಷ್ಯ, ಅವನಿಗಿರುವುದು ಬೆಂಕಿಪೊಟ್ಟಣದಷ್ಟು ದೊಡ್ಡ ಫಿಯಟ್. ಅವನು ಕಾರು ಹತ್ತುವುದಿಲ್ಲ, ತೊಟ್ಟುಕೊಳ್ಳುತ್ತಾನೆ ಎಂದು ಊರು ಆಡಿಕೊಳ್ಳುತ್ತದೆ. “ನನಗೆ ಒಂದು ಪಿಕಪ್ ಸಿಕ್ಕಿದ್ರೆ ಸಾಕು,” ಎಂದು ಅವನು ನಿಟ್ಟುಸಿರಿಟ್ಟ. “ಹಿಂದೆ ಎರಡು ಹಂದಿ, ಮುಂದೆ ನಾನೊಬ್ಬ.”

“ಒಟ್ಟು ಮೂರು ಅನ್ನು,” ಎಂದ ಝಿವಾದಿನ್.

ಮಿಲಿಸಾವ್ ನಕ್ಕ, ಆದರೆ ಕಣ್ಣೆಲ್ಲ ಪಸಾಟ್ ಮೇಲೆ. ಅವನ ಕೆಲಸ ಏನೆಂದರೆ, ಊರಿನ ನೀರು ಸರಬರಾಜು ಇಲಾಖೆಯಲ್ಲಿ ಮನೆಮನೆಗೆ ಹೋಗಿ ಮೀಟರ್ ಓದುವುದು. ಮೀಟರ್ ಮೇಲೆ ಅಯಸ್ಕಾಂತ ಇಟ್ಟವರನ್ನು, ಮುಳ್ಳು ತಿರುಚಿದವರನ್ನು ಇಪ್ಪತ್ತಾರು ವರ್ಷದಿಂದ ಹಿಡಿದುಹಿಡಿದು ಬೈದು ಬಂದವನು. ಅಂಥವನು ಕಳೆದ ಬುಧವಾರ ಮಧ್ಯಾಹ್ನ ರೈಲುಗೇಟಿನ ಹಿಂದಿರುವ ಪ್ರೊಫೆಸರನ ಶೆಡ್ಡಿಗೆ ಕಾರು ನುಗ್ಗಿಸಿ ಬಾಗಿಲು ಹಾಕಿಸಿಕೊಂಡಿದ್ದ.

ಪ್ರೊಫೆಸರ್ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ. ಕಾರಿನ ವೈರಿಂಗ್ ಕೆಲಸದವನು. ಗಣಿತದಲ್ಲಿ ಕಳೆಯುವ ಲೆಕ್ಕ ಒಂದೇ ಗೊತ್ತು, ಅದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ಊರೇ ಆ ಪದವಿ ಕೊಟ್ಟಿತ್ತು. “ಎಷ್ಟಿದೆ, ಎಷ್ಟು ಬೇಕು?” ಎಂದು ಡಾಕ್ಟರ ಹಾಗೆ ಕೇಳಿದ್ದ. ಇದ್ದದ್ದು ಮೂರು ಲಕ್ಷದ ಹನ್ನೊಂದು ಸಾವಿರ. ಮಿಲಿಸಾವ್ ನೆಲ ನೋಡುತ್ತ, “ಒಂದು ಲಕ್ಷದ ಎಪ್ಪತ್ತೊಂಬತ್ತು,” ಎಂದಿದ್ದ. ಕಾಫಿ ಆರುವುದರೊಳಗೆ ಕೆಲಸ ಮುಗಿದಿತ್ತು.

ಸಂತೆಗೆ ಬರುವವರೆಲ್ಲ ಪರ ಊರಿನವರು, ಅವರೂ ತಮ್ಮೂರಿನ ಪ್ರೊಫೆಸರನ ಹತ್ತಿರ ಹೋಗಿಬಂದವರೇ, ಇದರಲ್ಲಿ ಪಾಪವೇನು ಎಂದು ಮಿಲಿಸಾವ್ ನಾಲ್ಕು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಪಾಪವಿಲ್ಲದಿದ್ದರೆ ಇಷ್ಟು ಸಲ ಹೇಳಿಕೊಳ್ಳಬೇಕಾಗಿರಲಿಲ್ಲ.

ಹತ್ತು ಗಂಟೆಗೆ ಗಿರಾಕಿ ಬಂದ. ಕನ್ನಡಕದ ಹುಡುಗಮುಖದವನು, ಪಕ್ಕದಲ್ಲಿ ತುಂಬು ಬಸುರಿ ಹೆಂಡತಿ. ಟಯರಿಗೆ ಒದೆಯಲಿಲ್ಲ, ಬಾನೆಟ್ಟಿನೊಳಗೆ ಮೂಗು ತೂರಿಸಲಿಲ್ಲ. ನಯವಾಗಿ ನಮಸ್ಕಾರ ಹೇಳಿ ಫೋನು ತೆಗೆದ.

“ಅಂಕಲ್, ಚಾಸಿಸ್ ನಂಬರ್ ಹೇಳ್ತೀರಾ? ಜರ್ಮನಿಯಲ್ಲಿ ಯಾವ್ಯಾವ ವರ್ಷ ಎಷ್ಟೆಷ್ಟು ಓಡಿತ್ತು ಅಂತ ಈಗ ಫೋನಲ್ಲೇ ಬರುತ್ತೆ.”

ಜರ್ಮನಿಯ ಲೆಕ್ಕಕ್ಕೆ ಮಿಲಿಸಾವ್ ಹೆದರಬೇಕಾದ್ದೇನೂ ಇರಲಿಲ್ಲ. ಅಲ್ಲಿಂದ ಬಂದಾಗ ಕಾರು ಶುದ್ಧ ಬಂಗಾರ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಗತಿ ಅವನದಾಗಿತ್ತು. ಆ ಫೋನು ಇನ್ನೇನೇನು ಹೇಳುತ್ತದೋ ಯಾರು ಬಲ್ಲರು. “ನಂಬರ್ ತುಕ್ಕು ಹಿಡಿದು ಅಳಿಸಿಹೋಗಿದೆ,” ಎನ್ನಲು ಅವನು ಎದ್ದ. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ದನಿ ಅವನಿಗಿಂತ ಮೊದಲೇ ಬಂತು.

“ಫೋನು ಜೇಬಿಗೆ ಹಾಕಪ್ಪ. ಈ ಕಾರು ಆಗಲೇ ಮಾರಾಟ ಆಗಿದೆ. ತಗೊಂಡಿರೋದು ನಾನು.”

ಸ್ರೆಟೆನ್ ಓಡಿಬಂದಿದ್ದ. ಅರವತ್ತರ ಹತ್ತಿರದವನು, ಇಪ್ಪತ್ತು ವರ್ಷ ಜರ್ಮನಿಯಲ್ಲಿ ಟೈಲ್ಸ್ ಕೂರಿಸಿ ಮಂಡಿ ಸವೆಸಿಕೊಂಡು ಬಂದವನು. ಓಡುವುದನ್ನು ಅವನು ಬಿಟ್ಟು ಎಷ್ಟೋ ಕಾಲವಾಗಿತ್ತು. ಏದುಸಿರು ಬಿಡುತ್ತ ಕಾರಿನ ಬಾಗಿಲು ತೆರೆದು, ಜೇಬಿನಿಂದ ಒಂದು ನಾಣ್ಯ ತೆಗೆದು ಡ್ರೈವರ್ ಸೀಟಿನ ಕೆಳಗಿನ ಮ್ಯಾಟ್ ಮೇಲೆ ಎಸೆದ. ಹೊಸದಾಗಿ ಕೊಂಡ ಕಾರಿಗೆ ನಮ್ಮಲ್ಲಿ ಶುಭವಾಗಲೆಂದು ಹೀಗೆ ಕಾಸು ಎಸೆಯುತ್ತಾರೆ. ಅದಾದ ಮೇಲೆ ಮಾತು ಹಿಂದೆಗೆಯುವವನು ಗಂಡಸಲ್ಲ. ಕನ್ನಡಕದವನು ಹೆಂಡತಿಯ ಕೈ ಹಿಡಿದು ಮುಂದಿನ ಟೀಚರಮ್ಮನ ಕಡೆ ಹೋದ.

ಸ್ರೆಟೆನ್ ಬೇರೆ ಯಾರೇ ಆಗಿದ್ದರೂ ಮಿಲಿಸಾವ್ ಕುಣಿದಾಡಿಬಿಡುತ್ತಿದ್ದ. ಆದರೆ ಸ್ರೆಟೆನ್ ಅವನ ಕೂಮ್. ಅಂದರೆ ಮಿಲಿಸಾವ್‌ನ ಮಗಳು ತೆಯಾಳಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸಿದಾಗ ಅವಳನ್ನು ಎತ್ತಿ ಹಿಡಿದ ಧರ್ಮತಂದೆ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೂಮ್, ಎರಡು ಮನೆಗಳ ನಡುವೆ ರಕ್ತಸಂಬಂಧಕ್ಕಿಂತ ಗಟ್ಟಿಯಾದ ಸಂಬಂಧ. ಅಣ್ಣತಮ್ಮಂದಿರು ಗದ್ದೆಗಾಗಿ ಕೋರ್ಟಿಗೆ ಹೋಗಬಹುದು, ಯಾರೂ ಏನೂ ಅನ್ನುವುದಿಲ್ಲ. ಕೂಮ್‌ಗೆ ಮೋಸ ಮಾಡಿದವನ ಮನೆಯಲ್ಲಿ ಮಾತ್ರ ಒಬ್ಬರೂ ನೀರು ಮುಟ್ಟುವುದಿಲ್ಲ. ಮೇಲೆ ದೇವರು, ನೆಲದ ಮೇಲೆ ಕೂಮ್ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅದಕ್ಕಿಂತ ದೊಡ್ಡ ಇಕ್ಕಟ್ಟು ಇನ್ನೊಂದಿತ್ತು. ಹನ್ನೊಂದು ವರ್ಷದ ಹಿಂದೆ ಈ ಪಸಾಟನ್ನು ಜರ್ಮನಿಯಿಂದ ತಂದು ಮಿಲಿಸಾವ್‌ಗೆ ಮಾರಿದವನು ಇದೇ ಸ್ರೆಟೆನ್. ಆಗ ಮೀಟರಿನಲ್ಲಿ ಇದ್ದದ್ದು ಒಂದು ಲಕ್ಷದ ಅರವತ್ತೆಂಟು ಸಾವಿರ. ಈಗ ಸೀಟಿನಲ್ಲಿ ಕೂತು ಸ್ರೆಟೆನ್ ಬೀಗದಕೈ ತಿರುಗಿಸಿದ. ಮೀಟರಿನಲ್ಲಿ ಒಂದು ಲಕ್ಷದ ಎಪ್ಪತ್ತೊಂಬತ್ತು ಬೆಳಗಿತು. ಹನ್ನೊಂದು ವರ್ಷಕ್ಕೆ ಹನ್ನೊಂದು ಸಾವಿರ. ಅಷ್ಟು ದೂರವನ್ನು ಊರ ನಾಯಿಯೂ ಓಡಿರುತ್ತದೆ. ಸ್ರೆಟೆನ್ ಆ ಸಂಖ್ಯೆಯನ್ನು ನೋಡಿದ. ನಿಧಾನವಾಗಿ ನೋಡಿದ.

“ಕೂಮಾ, ಇದು ನಿನಗೆ ಬೇಡ,” ಎಂದ ಮಿಲಿಸಾವ್.

“ಯಾಕೆ?”

“ಮುದಿಯಾಗಿದೆ ಕಣೋ. ಎಣ್ಣೆ ಕುಡಿಯುತ್ತೆ.”

ಝಿವಾದಿನ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. “ಏನಂದೆ? ಹನ್ನೊಂದು ವರ್ಷದಿಂದ ಒಂದು ತೊಟ್ಟು ಮುಟ್ಟಿಲ್ಲ ಅಂತಿದ್ದೆಯಲ್ಲ. ನಮ್ಮ ಪಾದ್ರಿಗಿಂತ ಶುದ್ಧ ಅಂತಿದ್ದೆ.”

“ಈಚೆಗೆ ಶುರು ಮಾಡ್ಕೊಂಡಿದೆ. ಕ್ಲಚ್ಚು ಹೋಗಿದೆ. ಕೆಳಗೆಲ್ಲ ತುಕ್ಕು. ಮಳೆ ಬಂದ್ರೆ ಒಳಗೆ ಕೊಡೆ ಹಿಡೀಬೇಕು.”

“ನನಗೆ ಮಳೆ ಇಷ್ಟ,” ಎಂದ ಸ್ರೆಟೆನ್.

“ಹೀಟರ್ ಕೆಲಸ ಮಾಡಲ್ಲ ಕೂಮಾ, ಚಳಿಗಾಲದಲ್ಲಿ ಸತ್ತೇ ಹೋಗ್ತೀಯ.”

“ಬೇಸಿಗೆಯಲ್ಲಿ ಓಡಿಸ್ತೀನಿ.”

“ನೋಡು ತಿಹೋಮಿರ್,” ಎಂದ ಝಿವಾದಿನ್, “ಇಪ್ಪತ್ತು ವರ್ಷದಿಂದ ಈ ಸಂತೆಗೆ ಬರ್ತಿದೀನಿ. ಮಾರೋನು ಬೈದು, ಕೊಳ್ಳೋನು ಹೊಗಳಿದ್ದನ್ನ ಇವತ್ತು ನೋಡಿದೆ. ಇವರಿಬ್ಬರಿಗೂ ಬಿಸಿಲು ನೆತ್ತಿಗೇರಿದೆ.”

ಕೂಮ್‌ನ ಜತೆ ಚೌಕಾಸಿ ಇಲ್ಲ. “ನೀನು ಹೇಳಿದಷ್ಟು ಕೊಡ್ತೀನಿ,” ಎಂದು ಸ್ರೆಟೆನ್ ಕಾರನ್ನು ಓಡಿಸಿಕೊಂಡು ಹೋಗಿಯೇಬಿಟ್ಟ. ಮಿಲಿಸಾವ್‌ಗೆ ಅದು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮನೆಗೆ ನಡೆದುಕೊಂಡು ಬಂದವನು ಬೀನ್ಸ್ ಸಾರಿನ ಮುಂದೆ ಕೂತು ಚಮಚ ಎತ್ತಲಿಲ್ಲ. ಯಾಗೋದಾ ಎರಡೇ ಪ್ರಶ್ನೆಯಲ್ಲಿ ವಿಷಯವನ್ನೆಲ್ಲ ಹೊರಗೆಳೆದಳು.

“ಸೀದಾ ಅವರ ಮನೆಗೆ ಹೋಗು,” ಎಂದಳು. “ನಿಜ ಹೇಳಿ ಬಾ. ಬೈದ್ರೆ ಬೈಸ್ಕೋ. ಹೊಡೆದ್ರೆ ಹೊಡೆಸ್ಕೋ.”

“ಸಂಬಂಧನೇ ಕಡ್ಕೊಂಡ್ರೆ?”

“ಹೇಳದೆ ಹೋದ್ರೆ ನೀನೇ ಕಡಿದ ಹಾಗಾಯ್ತು. ತೆಯಾಗೆ ಏನು ಹೇಳ್ತೀಯ? ನಿನ್ನ ಎತ್ತಿ ಹಿಡಿದವರಿಗೆ ಟೋಪಿ ಹಾಕಿದೆ ಮಗಳೇ ಅಂತೀಯಾ?”

ಸ್ರೆಟೆನ್ ತನ್ನ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಕೂತಿದ್ದ. ಮೇಜಿನ ಮೇಲೆ ರಾಕಿಯಾ ಎಂಬ ಪ್ಲಮ್ ಹಣ್ಣಿನ ಸಾರಾಯಿಯ ಬಾಟಲಿ, ಎರಡು ಲೋಟ. ಬರುವವನು ಬಂದೇ ಬರುತ್ತಾನೆ ಎಂದು ಗೊತ್ತಿದ್ದವನ ಹಾಗೆ. ಪಸಾಟ್ ಗೇಟಿನ ಪಕ್ಕ ಮುಗ್ಧವಾಗಿ ನಿಂತಿತ್ತು. ಮಿಲಿಸಾವ್ ಕೂರಲಿಲ್ಲ. ಕೂತರೆ ಧೈರ್ಯವೂ ಕೂತುಬಿಡುತ್ತದೆ ಎಂಬ ಭಯ.

“ಕೂಮಾ, ಬುಧವಾರ ಪ್ರೊಫೆಸರ್ ಹತ್ರ ಹೋಗಿದ್ದೆ. ಈ ಕಾರು ಮೂರು ಲಕ್ಷದ ಹನ್ನೊಂದು ಸಾವಿರ ಓಡಿದೆ. ಪರ ಊರಿನವರಿಗೆ ಮಾರೋಣ ಅಂತ ತಿರುಗಿಸಿದ್ದು. ನೀನು ಬರ್ತೀಯ ಅಂತ ಗೊತ್ತಿದ್ರೆ ನನ್ನಾಣೆ ಮಾಡ್ತಿರ್ಲಿಲ್ಲ. ಈಗ ಬೈಯಿ.”

ಸ್ರೆಟೆನ್ ಎರಡೂ ಲೋಟ ತುಂಬಿದ. “ಅಷ್ಟು ಓಡಿಲ್ಲ,” ಎಂದ.

“ನಾನೇ ನೋಡಿದೀನಲ್ಲೋ.”

“ಅಷ್ಟು ಓಡಿಲ್ಲ, ಅದಕ್ಕಿಂತ ಜಾಸ್ತಿ. ಇನ್ನೂ ಒಂದು ಲಕ್ಷದ ಇಪ್ಪತ್ತೆಂಟು ಸೇರಿಸ್ಕೋ. ನಾನು ತಂದಾಗ ಎರಡು ಲಕ್ಷದ ತೊಂಬತ್ತಾರು ಇತ್ತು.” ಅವನು ತನ್ನ ಲೋಟವನ್ನು ಒಂದೇ ಗುಟುಕಿಗೆ ಮುಗಿಸಿದ. “ನಿನಗೆ ಕೊಡೋ ಮುಂಚೆ ನಾನೂ ಪ್ರೊಫೆಸರ್ ಹತ್ರ ಹೋಗಿದ್ದೆ.”

ಈಗ ಮಿಲಿಸಾವ್ ಕೂತ.

“ಟೀಚರಮ್ಮ?”

“ಟೀಚರಮ್ಮನೂ ಇಲ್ಲ, ಯಾರೂ ಇಲ್ಲ. ಔಷಧಿ ಕಂಪನಿಯ ಮಾಲು ಹೊತ್ಕೊಂಡು ಊರೂರು ಸುತ್ತುತಿದ್ದ ಒಬ್ಬ ಗಡ್ಡದೋನು. ಬೆಳಿಗ್ಗೆ ಆ ಹುಡುಗ ಫೋನು ತೆಗೆದನಲ್ಲ, ಜರ್ಮನಿ ಲೆಕ್ಕ ಬಂದಿದ್ರೆ ನಿನಗೆ ಎಲ್ಲಾ ಗೊತ್ತಾಗ್ತಿತ್ತು. ನೀನು ಮಾರ್ತಿದೀಯ ಅಂತ ಕೇಳಿದ್ದೇ ತಡ, ಅದಕ್ಕೇ ಓಡಿಬಂದೆ.”

ಮಿಲಿಸಾವ್‌ಗೆ ಸಿಟ್ಟು ಬರಲಿಲ್ಲ. ಅಳು ಬಂತು, ಅದು ಅವನಿಗೆ ಸಿಟ್ಟು ತರಿಸಿತು. “ನಿನ್ನನ್ನ ಕೂಮ್ ಮಾಡ್ಕೊಂಡಿದ್ದೇ ಆ ಕಾರಿನಿಂದ ಕಣೋ. ಅಷ್ಟು ಒಳ್ಳೇ ಕಾರು ಕೊಟ್ಟ, ಸುಳ್ಳು ಹೇಳ್ದೆ ಕೊಟ್ಟ, ಇಂಥೋನು ನನ್ನ ಮಗಳನ್ನ ಎತ್ತಿ ಹಿಡೀಬೇಕು ಅಂತ ಯಾಗೋದಾಗೆ ಹೇಳಿದ್ದೆ. ಅವಳ ಅಣ್ಣನನ್ನ ಬಿಟ್ಟು ನಿನ್ನ ಹತ್ರ ಬಂದಿದ್ದೆ.”

“ನಾನು ಕೂಮ್‌ಗೆ ಮೋಸ ಮಾಡಿಲ್ಲ,” ಎಂದ ಸ್ರೆಟೆನ್. “ಕಾರು ಮಾರಿ ಮೂರು ತಿಂಗಳಾದ ಮೇಲೆ ನೀನು ಕೂಮ್ ಆಗಿದ್ದು.”

“ಆಹಾ, ಏನು ಲಾಯರ್ ಮಾತು.”

“ನೀನು ಬಾಟಲಿ ಹಿಡ್ಕೊಂಡು ನನ್ನ ಬಾಗಿಲಿಗೆ ಬಂದು ಕೇಳಿದೆ. ಕೂಮ್ ಆಗು ಅಂದ್ರೆ ಒಲ್ಲೆ ಅನ್ನೋದು ಪಾಪ. ಆಗಲಿ ಅಂದ್ರೂ ಪಾಪ. ಚರ್ಚಲ್ಲಿ ತೆಯಾನ ಎತ್ಕೊಂಡು ನಿಂತಾಗ ಪಾದ್ರಿಗಳು ಸೈತಾನನ್ನ ಬಿಟ್ಟೆಯಾ ಅಂತ ಮೂರು ಸಲ ಕೇಳಿದ್ರು. ಬಿಟ್ಟೆ ಅಂದೆ. ಹಾಗಾದ್ರೆ ಪಶ್ಚಿಮಕ್ಕೆ ತಿರುಗಿ ಅವನ ಮೇಲೆ ಉಗುಳು ಅಂದ್ರು. ತಿರುಗಿದೆ. ಬಾಗಿಲಾಚೆ ಸರಿಯಾಗಿ ಎದುರಿಗೆ ನಿನ್ನ ಪಸಾಟ್ ನಿಂತಿತ್ತು. ಇವತ್ತಿಗೂ ನಿನ್ನ ಕಾರಲ್ಲಿ ಕೂತ್ರೆ ನನಗೆ ಬಾಯಿ ಒಣಗುತ್ತೆ.”

ಬೇರೆ ದಿನವಾಗಿದ್ದರೆ ಮಿಲಿಸಾವ್ ಬಿದ್ದುಬಿದ್ದು ನಗುತ್ತಿದ್ದ. ಅವತ್ತು ಲೋಟ ಮುಟ್ಟದೆ ಎದ್ದು ಹೋದ. ಕೂಮ್‌ನ ಮನೆಯಲ್ಲಿ ಲೋಟ ಮುಟ್ಟದೆ ಎದ್ದರೆ ಅದರರ್ಥ ಏನೆಂದು ಇಬ್ಬರಿಗೂ ಗೊತ್ತಿತ್ತು.

ಮನೆಯಲ್ಲಿ ಅವನು ಸ್ರೆಟೆನ್‌ನ ಏಳು ತಲೆಮಾರನ್ನೂ ಬೈದ. ಯಾಗೋದಾ ಬಟ್ಟೆ ಮಡಿಸುತ್ತ ಪೂರ್ತಿ ಕೇಳಿಸಿಕೊಂಡಳು.

“ಅವನು ಕೂಮ್ ಆಗೋ ಮುಂಚೆ ಮಾಡಿದ,” ಎಂದಳು ಕೊನೆಗೆ. “ನೀನು ಬುಧವಾರ ಮಾಡಿದೆ. ಅವನು ಬಚ್ಚಿಡೋಕೆ ಅಂತ ಸ್ವಂತ ದುಡ್ಡು ಕೊಟ್ಟು ಆ ತಗಡನ್ನ ವಾಪಸ್ ತಗೊಳ್ಳೋಕೆ ಬಂದ. ನೀನು ಎತ್ತರದ ಕಾರು ತಗೊಳ್ಳೋಕೆ ಹೋದೆ. ಯಾರು ದೊಡ್ಡ ಕಳ್ಳ ಅಂತ ನೀನೇ ಹೇಳು.”

ಮಿಲಿಸಾವ್ ಯಾಗೋದಾಳ ಮಾತಿನಲ್ಲಿ ತಪ್ಪು ಹುಡುಕಲು ಸೋಮವಾರ ಮಧ್ಯಾಹ್ನದವರೆಗೂ ಪ್ರಯತ್ನಿಸಿದ. ಹದಿನೇಳು ಮನೆಯ ಮೀಟರ್ ಓದಿದ, ಒಂದರಲ್ಲೂ ಕಳ್ಳತನ ಸಿಗಲಿಲ್ಲ. ಸಿಕ್ಕಿದ್ದರೂ ಬೈಯಲು ಅವತ್ತು ಬಾಯಿ ಬರುತ್ತಿರಲಿಲ್ಲ. ಕೆಲಸ ಮುಗಿಸಿ ಸೀದಾ ಸ್ರೆಟೆನ್‌ನ ಅಂಗಳಕ್ಕೆ ಹೋದ. ನಿನ್ನೆಯ ಲೋಟ ತುಂಬಿದ್ದು ಹಾಗೆಯೇ ಇತ್ತು; ಸ್ರೆಟೆನ್ ಅದನ್ನು ಚೆಲ್ಲಿರಲಿಲ್ಲ, ಒಂದು ತಟ್ಟೆ ಮುಚ್ಚಿಟ್ಟಿದ್ದ. ಮಿಲಿಸಾವ್ ತಟ್ಟೆ ತೆಗೆದು ಕುಡಿದ.

“ಏಳು. ಪ್ರೊಫೆಸರ್ ಹತ್ರ ಹೋಗೋಣ. ಮೀಟರ್ ಸರಿ ಮಾಡಿಸೋಣ.”

ಪ್ರೊಫೆಸರ್ ಇಬ್ಬರನ್ನೂ ಒಟ್ಟಿಗೆ ನೋಡಿ ಮೊದಲು ಹಿಂಬಾಗಿಲ ಕಡೆ ನೋಡಿದ. ವಿಷಯ ಕೇಳಿದ ಮೇಲೆ ಸ್ಟೂಲಿನ ಮೇಲೆ ಕೂತ.

“ನಿಜವಾದ್ದು ಹಾಕು ಅಂತೀರ. ಸರಿ, ನಿಜ ಎಷ್ಟು?”

“ನಾಲ್ಕು ಲಕ್ಷದ ಮೂವತ್ತೊಂಬತ್ತು,” ಎಂದ ಸ್ರೆಟೆನ್.

“ಅದು ನಿಜ ಅಂತ ಹೇಳಿದ್ಯಾರು? ನೀನು ತಂದಾಗ ಇದ್ದ ಎರಡು ತೊಂಬತ್ತಾರು, ಆ ಗಡ್ಡದೋನು ತಿರುಗಿಸಿದ್ದಲ್ಲ ಅಂತ ಏನು ಗ್ಯಾರಂಟಿ? ಜರ್ಮನಿಯಲ್ಲಿ ನನ್ನಂಥೋರು ಇಲ್ಲ ಅಂದ್ಕೊಂಡ್ಯಾ? ನಾನು ಕೆಲಸ ಕಲಿತಿದ್ದೇ ಅಲ್ಲಿ.”

ನಿಜ ಹೇಳಲು ಬಂದರೆ ನಿಜವೇ ಸ್ಟಾಕ್ ಇಲ್ಲ. ಆಗ ಮಿಲಿಸಾವ್‌ಗೆ ತನ್ನ ಕೆಲಸ ನೆನಪಾಯಿತು.

“ನಮ್ಮ ಇಲಾಖೆಯಲ್ಲಿ ಹಳೇ ಮೀಟರ್ ಮೇಲೆ ಅನುಮಾನ ಬಂದ್ರೆ ಅದನ್ನ ಲೆಕ್ಕಕ್ಕೇ ತಗೊಳಲ್ಲ. ಓದೋನು ಕಣ್ಣಾರೆ ಕಂಡಿದ್ದೆಷ್ಟೋ ಅಷ್ಟೇ ಬರೀತೀವಿ. ನಾನು ಈ ಕಾರು ತಗೊಂಡಾಗ ಒಂದು ಅರವತ್ತೆಂಟು ತೋರಿಸ್ತಿತ್ತು. ಬುಧವಾರ ಮೂರು ಹನ್ನೊಂದು. ನಡುವೆ ಓಡಿದ್ದಕ್ಕೆ ನಾನು ಸಾಕ್ಷಿ. ಅದನ್ನ ಹಾಕು.”

ಪ್ರೊಫೆಸರ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕಳೆದ. ಒಂದು ಲಕ್ಷದ ನಲವತ್ತಮೂರು ಸಾವಿರ ಬಂತು. ಅವನು ಅದನ್ನೂ ಡ್ಯಾಶ್‌ಬೋರ್ಡನ್ನೂ ಎರಡೆರಡು ಸಲ ನೋಡಿದ.

“ಇದು ನಿಮ್ಮ ಸುಳ್ಳಿಗಿಂತ ಮೂವತ್ತಾರು ಸಾವಿರ ಕಡಿಮೆ,” ಎಂದ. “ಮೂವತ್ತು ವರ್ಷದಲ್ಲಿ ಮೊದಲನೇ ಸಲ ಇಬ್ಬರು ಪ್ರಾಮಾಣಿಕರು ನನ್ನ ಶೆಡ್ಡಿಗೆ ಬಂದ್ರು. ಅವರಿಗೂ ನಾನು ಕಳೆದೇ ಕೊಡಬೇಕು.”

ಮುಂದಿನ ಭಾನುವಾರ ಪಸಾಟ್ ಮತ್ತೆ ಸಂತೆಯಲ್ಲಿ ನಿಂತಿತ್ತು, ಗಾಜಿನ ಮೇಲೆ ಹೊಸ ಲೆಕ್ಕದ ಚೀಟಿ. ಕೂಮ್‌ಗೆ ಮಾರುವುದಿಲ್ಲ ಎಂದು ಮಿಲಿಸಾವ್ ಹಠ ಹಿಡಿದು ಕಾರು ವಾಪಸ್ ಪಡೆದಿದ್ದ, ಬೇರೆಯವರಿಗೆ ಮಾರುವಾಗ ಪಕ್ಕದಲ್ಲಿರುತ್ತೇನೆ ಎಂದು ಸ್ರೆಟೆನ್ ಹಠ ಹಿಡಿದಿದ್ದ. ಝಿವಾದಿನ್ ಕಾಫಿ ಹಿಡಿದುಕೊಂಡು ಬಂದು ಚೀಟಿ ಓದಿದ. ಇನ್ನೊಂದು ಸಲ ಓದಿದ. ಕಾಫಿ ಮೂಗಿಗೆ ಹೋಯಿತು.

“ಹೋದ ವಾರ ಒಂದು ಎಪ್ಪತ್ತೊಂಬತ್ತು ಇತ್ತು. ಈ ವಾರ ಒಂದು ನಲವತ್ತಮೂರು. ಮಿಲಿಸಾವ್, ನೀನು ವಾರವೆಲ್ಲ ರಿವರ್ಸ್ ಗೇರಲ್ಲೇ ಓಡಾಡಿದ್ಯಾ?”

“ಇದು ನಿಜವಾದ ಲೆಕ್ಕ ಕಣಯ್ಯ.”

“ನಿಜ,” ಎಂದ ಸ್ರೆಟೆನ್. “ನಾನು ಕೂಮ್ ಆಗಿ ಹೇಳ್ತಿದೀನಿ.”

“ಇನ್ನೆರಡು ವಾರ ಬಿಟ್ಟು ಬರ್ತೀನಿ ಬಿಡ್ರಪ್ಪ,” ಎಂದು ಝಿವಾದಿನ್ ಕಣ್ಣೊರೆಸಿಕೊಂಡ. “ಅಷ್ಟೊತ್ತಿಗೆ ಷೋರೂಮಿಗೆ ವಾಪಸ್ ಹೋಗಿರುತ್ತೆ.”

ತಿಹೋಮಿರ್ ಅಂತೂ ತನ್ನ ಫಿಯಟ್ ತೊಟ್ಟುಕೊಂಡು ಊರಿಗೆಲ್ಲ ಸುದ್ದಿ ಹಂಚಲು ಹೊರಟೇಹೋದ. ಮಧ್ಯಾಹ್ನದವರೆಗೆ ಒಂಬತ್ತು ಜನ ಚೀಟಿ ಓದಿದರು, ಒಂಬತ್ತು ಜನವೂ ನಕ್ಕು ಮುಂದೆ ಹೋದರು. ಸಂತೆಯಲ್ಲಿ ಅವತ್ತು ನಿಂತಿದ್ದ ನೂರಿಪ್ಪತ್ತು ಕಾರಿನ ಸುಳ್ಳನ್ನೆಲ್ಲ ಜನ ತಲೆದೂಗಿ ಕೇಳಿದರು. ನಂಬದೆ ಬಿಟ್ಟದ್ದು ಇದೊಂದನ್ನೇ. ಮಿಲಿಸಾವ್‌ಗೆ ಅವಮಾನವಾಗಬೇಕಿತ್ತು, ಆಗಲಿಲ್ಲ. ಅವನಿಗೆ ಹಸಿವಾಗಿತ್ತು, ವಾರದಲ್ಲಿ ಮೊದಲ ಸಲ ಚೆನ್ನಾಗಿ ಹಸಿವಾಗಿತ್ತು. ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡ.

ಮನೆಯ ದಾರಿಯಲ್ಲಿ ಸ್ರೆಟೆನ್ ಮ್ಯಾಟ್ ಮೇಲಿದ್ದ ನಾಣ್ಯವನ್ನು ನೋಡಿದ. ಅದು ಅಲ್ಲಿಯೇ ಇತ್ತು.

“ಕೂಮಾ,” ಎಂದ, “ನಿನಗೊಂದು ಎತ್ತರದ ಕಾರು ನಾನೇ ತಂದುಕೊಡ್ಲಾ? ಸ್ಟುಟ್‌ಗಾರ್ಟ್‌ನಲ್ಲಿ ಒಬ್ಬ ಟೀಚರಮ್ಮ ಇದಾರೆ...”

“ಇನ್ನೊಂದು ಸಲ ಟೀಚರಮ್ಮ ಅಂದ್ರೆ ಇಲ್ಲೇ ಇಳಿಸಿಬಿಡ್ತೀನಿ.”

ಸೇತುವೆ ದಾಟುವಾಗ ಮಿಲಿಸಾವ್ ವೇಗ ತಗ್ಗಿಸಿ ಮೀಟರಿನ ಕಡೆ ಬೆರಳು ತೋರಿಸಿದ. ಸ್ರೆಟೆನ್ ಕನ್ನಡಕ ಹಾಕಿಕೊಂಡು ಬಗ್ಗಿದ. ಒಂದು ಲಕ್ಷದ ನಲವತ್ತಮೂರು ಸಾವಿರದ ಇಪ್ಪತ್ತು ಇದ್ದದ್ದು, ಸೇತುವೆಯ ಆಚೆ ತುದಿ ಮುಟ್ಟುವಾಗ ಇಪ್ಪತ್ತೊಂದಾಯಿತು. ಇಬ್ಬರೂ ಕಣ್ಣಾರೆ ಕಂಡರು.